ಇಂಜಿನಿನ ಹಳದಿ ದೀಪ: ಬಿಡಿಭಾಗ ಬದಲಿಸುವ ಮುನ್ನ

ನಮ್ಮದೇ ಮನೆಯಲ್ಲಿ ನಡೆದ ಸಂಗತಿಯಿಂದ ಪ್ರಾರಂಭಿಸುತ್ತೇವೆ. ಕೊಯ್ಲಿನ ಕಾಲ. ರೋಬಸ್ಟಾ ಹಣ್ಣಾಗಿ ನಿಂತಿತ್ತು, ಅಡಿಕೆಯ ಕೊನೆಯ ಕೊಯ್ಲು ಅಂಗಳದಲ್ಲಿ ಒಣಗುತ್ತಿತ್ತು, ಆಳುಗಳು ಸಿಕ್ಕಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಂಥ ವಾರದಲ್ಲೇ ಚೆರಿ ತುಂಬಿಕೊಂಡು ಹೊರಟ ನಮ್ಮ ಡೀಸೆಲ್ ಪಿಕಪ್ಪು ಏರಿನ ನಡುವೆ ಶಕ್ತಿ ಕಳೆದುಕೊಂಡಿತು. ಎರಡನೆಯ ಗೇರಿನಲ್ಲೂ ಎಳೆಯದು. ಎದುರಿನ ಫಲಕದಲ್ಲಿ ಇಂಜಿನಿನ ಚಿತ್ರವಿರುವ ಹಳದಿ ದೀಪ ಹೊತ್ತಿಕೊಂಡಿತ್ತು.

ಪೇಟೆಯ ಒಂದು ವರ್ಕ್‌ಶಾಪಿಗೆ ಹೇಗೋ ತಲುಪಿಸಿದೆವು. ಅಲ್ಲಿನ ಹುಡುಗ ಸ್ಟೇರಿಂಗಿನ ಕೆಳಗೆ ಒಂದು ಸಾಧನ ಸಿಕ್ಕಿಸಿ ನೋಡಿ, "ಪಿ 0299 ಬಂದಿದೆ ಸಾರ್, ಟರ್ಬೋ ಹೋಗಿದೆ, ಹೊಸದು ಹಾಕಬೇಕು" ಎಂದ. ಖರ್ಚಿನ ಪಟ್ಟಿ 60,000 ರೂಪಾಯಿ ದಾಟಿತು. ಬಿಡಿಭಾಗ ಬರಲು ನಾಲ್ಕು ದಿನ. ಎರಡು ದಿನ ಬಾಡಿಗೆ ವಾಹನದಲ್ಲಿ ಚೆರಿ ಸಾಗಿಸಿದೆವು. ಮುಂಗಡ ಕಟ್ಟಲು ಹಣವನ್ನೂ ಹೊಂದಿಸಿಕೊಂಡೆವು. ಅಷ್ಟರಲ್ಲಿ ನಮ್ಮ ಊರಿನ ಕಡೆಯ ಹಳೆಯ ಮೆಕ್ಯಾನಿಕ್ಕರೊಬ್ಬರು ತಾವೂ ಒಮ್ಮೆ ನೋಡುವುದಾಗಿ ಹೇಳಿದರು. ಇಂಜಿನು ಚಾಲೂ ಮಾಡಿಸಿ, ಬಾನೆಟ್ಟಿನ ಒಳಗೆ ಕಿವಿಗೊಟ್ಟು, ಟರ್ಬೋದ ಪಕ್ಕದ ಸಣ್ಣ ರಬ್ಬರ್ ಕೊಳವೆಯ ಮೇಲೆ ಬೆರಳಿಟ್ಟರು. ಸುಯ್ ಎನ್ನುವ ಸದ್ದು ನಿಂತಿತು. "ಟರ್ಬೋ ಸತ್ತಿಲ್ಲ ಮಾರಾಯ್ರೇ, ಪೈಪಿಗೆ ಇಲಿ ಬಾಯಿ ಹಾಕಿದೆ" ಎಂದರು. ಒಂದಡಿ ಉದ್ದದ ಕೊಳವೆಗೆ ನಾವು ಕೊಟ್ಟದ್ದು 180 ರೂಪಾಯಿ.

ಇಲ್ಲಿ ಆ ಸಾಧನ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಪಿ 0299 ಎಂದರೆ ಟರ್ಬೋ ಒದಗಿಸುವ ಗಾಳಿಯ ಒತ್ತಡ ನಿರೀಕ್ಷೆಗಿಂತ ಕಡಿಮೆ ಎಂದಷ್ಟೇ ಅರ್ಥ. ಒತ್ತಡ ನಿಜಕ್ಕೂ ಕಡಿಮೆ ಇತ್ತು. ನಮ್ಮ ಪಿಕಪ್ಪಿನಲ್ಲಿ ಟರ್ಬೋದ ಒಳಗಿನ ರೆಕ್ಕೆಗಳನ್ನು ತಿರುಗಿಸುವುದು ನಿರ್ವಾತದ ಎಳೆತ. ಕೊಳವೆ ತೂತಾದ್ದರಿಂದ ಎಳೆತವಿಲ್ಲ, ರೆಕ್ಕೆ ತಿರುಗಲಿಲ್ಲ, ಒತ್ತಡ ಏರಲಿಲ್ಲ. ಒತ್ತಡ ಕಡಿಮೆ ಎಂಬುದನ್ನು ಟರ್ಬೋ ಸತ್ತಿದೆ ಎಂದು ಓದಿಕೊಂಡದ್ದು ಮನುಷ್ಯನ ತಪ್ಪು.

ಬೋರ್ಡೋ ದ್ರಾವಣವನ್ನು ಚಾಕುವಿನ ಅಲಗಿನಿಂದ ಪರೀಕ್ಷಿಸುವುದು ನಮಗೆಲ್ಲ ಗೊತ್ತಿರುವ ಕ್ರಮ. ಅಲಗಿನ ಮೇಲೆ ತಾಮ್ರದ ಕೆಂಪು ಲೇಪ ಕೂತರೆ ದ್ರಾವಣ ಹುಳಿಯಾಗಿದೆ ಎಂದು ತಿಳಿಯುತ್ತದೆ. ಸುಣ್ಣ ಕಡಿಮೆ ಬಿತ್ತೋ, ಸುಣ್ಣವೇ ಹಳತಾಗಿ ಸತ್ವ ಕಳೆದುಕೊಂಡಿತೋ, ಮೈಲುತುತ್ತಿನ ತೂಕ ಹೆಚ್ಚಾಯಿತೋ ಎಂಬುದನ್ನು ಚಾಕು ಹೇಳುವುದಿಲ್ಲ. ಇಂಜಿನಿನ ಕೋಡು ಆ ಚಾಕುವಿನಂತೆ.

ಈ ದೀಪ ಎಲ್ಲಿಂದ ಬಂತು

ಹಳೆಯ ಜೀಪಿಟ್ಟುಕೊಂಡಿರುವ ಸದಸ್ಯರು ಈ ಲೇಖನವನ್ನು ಪಕ್ಕಕ್ಕಿಟ್ಟರೂ ನಷ್ಟವಿಲ್ಲ. ಆ ಇಂಜಿನುಗಳಲ್ಲಿ ಕಂಪ್ಯೂಟರೂ ಇಲ್ಲ, ಕೋಡೂ ಇಲ್ಲ. ಈ ವ್ಯವಸ್ಥೆಗೆ ಓ.ಬಿ.ಡಿ. ಎಂದು ಹೆಸರು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಹೊಗೆಯ ಕಾಟ ತಡೆಯಲಾರದೆ 1988ರ ಮಾದರಿಯ ಕಾರುಗಳಿಂದ ಇದರ ಮೊದಲ ರೂಪವನ್ನು ಕಡ್ಡಾಯ ಮಾಡಿತು. ಆಗ ಒಂದೊಂದು ಕಂಪನಿಗೆ ಒಂದೊಂದು ಪ್ಲಗ್ಗು, ಒಂದೊಂದು ಭಾಷೆ ಇದ್ದವು. 1996ರ ಮಾದರಿಯಿಂದ ಆ ದೇಶದ ಎಲ್ಲ ಹೊಸ ಕಾರುಗಳಿಗೂ ಒಂದೇ ಆಕಾರದ, 16 ಪಿನ್ನುಗಳ ಸಾಕೆಟ್ಟು ಮತ್ತು ಒಂದೇ ಬಗೆಯ ಕೋಡು ಬಂದವು. ನಮ್ಮ ದೇಶದಲ್ಲಿ ಭಾರತ್ ಸ್ಟೇಜ್ ನಾಲ್ಕರ ವಾಹನಗಳಿಗೆ 2010ರ ಏಪ್ರಿಲ್‌ನಿಂದ ಮೊದಲ ಹಂತ, 2013ರ ಏಪ್ರಿಲ್‌ನಿಂದ ಎರಡನೆಯ ಹಂತ ಜಾರಿಯಾಯಿತು. 2020ರ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್ ಆರರಲ್ಲಿ ಇದು ಇನ್ನೂ ಬಿಗಿಯಾಗಿ, 2023ರ ಏಪ್ರಿಲ್‌ನಿಂದ ಮತ್ತಷ್ಟು ಬಿಗಿಯಾಯಿತು.

ಇದನ್ನು ಇಷ್ಟು ಹೇಳಲು ಕಾರಣವುಂಟು. ಈ ದೀಪವನ್ನು ಇಟ್ಟದ್ದು ಹೊಗೆಯ ಸಲುವಾಗಿ. ಚಾಲಕನ ಅನುಕೂಲ ಆಮೇಲಿನ ಮಾತು. ಆದುದರಿಂದ ಬ್ರೇಕು ಸವೆದರೆ, ಕ್ಲಚ್ಚು ಜಾರಿದರೆ ಈ ದೀಪ ಹೊತ್ತುವುದಿಲ್ಲ. ಹಾಗೆಯೇ ಆಯಿಲಿನ ಕೆಂಪು ದೀಪ, ಇಂಜಿನು ಕಾದದ್ದನ್ನು ತೋರಿಸುವ ಕೆಂಪು ದೀಪ ಇವು ಬೇರೆಯೇ. ಕೆಂಪು ಹೊತ್ತಿದರೆ ಇದ್ದ ಜಾಗದಲ್ಲಿ ಬದಿಗೆ ನಿಲ್ಲಿಸಿ ಇಂಜಿನು ಆರಿಸತಕ್ಕದ್ದು. ಹಳದಿ ಸ್ಥಿರವಾಗಿ ಉರಿಯುತ್ತಿದ್ದು ವಾಹನ ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಮನೆ ತಲುಪಬಹುದು. ಆದರೆ ಪೆಟ್ರೋಲ್ ಗಾಡಿಯಲ್ಲಿ ಹಳದಿ ದೀಪ ಮಿಣುಕುತ್ತಿದ್ದರೆ ಇಂಜಿನು ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ, ಸುಡದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅಲ್ಲಿ ಉರಿಯುತ್ತಿದೆ ಎಂದು ಅರ್ಥ. ಆಗ ಆಕ್ಸಿಲರೇಟರ್ ಒತ್ತಿ ಏರು ಹತ್ತಿಸಿದರೆ ಪ್ಲಗ್ಗಿನ ಖರ್ಚಿನಲ್ಲಿ ಮುಗಿಯುವುದು ಕನ್ವರ್ಟರಿನ ಖರ್ಚಿಗೆ ಹೋಗುತ್ತದೆ.

ಓದುವ ಕ್ರಮ

ಸಾಕೆಟ್ಟು ಬಹುಪಾಲು ವಾಹನಗಳಲ್ಲಿ ಸ್ಟೇರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿರುತ್ತದೆ. ಅದಕ್ಕೆ ಸಿಕ್ಕಿಸಿ ಮೊಬೈಲಿನಲ್ಲಿ ನೋಡುವ ಬೆಂಕಿಪೊಟ್ಟಣದಷ್ಟರ ಸಾಧನಗಳು ಕೆಲವು ನೂರು ರೂಪಾಯಿಗಳಿಂದ ದೊರೆಯುತ್ತವೆ. ಅತಿ ಅಗ್ಗದವು ಕೆಲವೊಮ್ಮೆ ಗಾಡಿಯೊಡನೆ ಮಾತೇ ಆಡುವುದಿಲ್ಲ. ತುಸು ಹೆಚ್ಚು ಕೊಟ್ಟು ಒಳ್ಳೆಯದನ್ನೇ ಕೊಂಡು, ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಬಳಸಿದರೆ ಸಾಕು. ಕೀಲಿಯನ್ನು ಆನ್ ಸ್ಥಾನಕ್ಕೆ ತಿರುಗಿಸಿ, ಇಂಜಿನು ಚಾಲೂ ಮಾಡದೆಯೇ ಕೋಡು ಓದಬಹುದು. ಓದಿ ಮುಗಿದ ಮೇಲೆ ಸಾಧನವನ್ನು ಕಿತ್ತಿಡಬೇಕು. ಆ ಸಾಕೆಟ್ಟಿಗೆ ಬ್ಯಾಟರಿಯ ಕರೆಂಟು ಸದಾ ಇರುತ್ತದೆ. ವಾರಗಟ್ಟಲೆ ಬಿಟ್ಟರೆ ಬ್ಯಾಟರಿ ಇಳಿದೀತು.

ಕೋಡಿನ ಮೊದಲ ಅಕ್ಷರ ಪಿ ಎಂದಿದ್ದರೆ ಇಂಜಿನು, ಗೇರುಪೆಟ್ಟಿಗೆಯ ಕಡೆಯದು. ಬಿ ಎಂದರೆ ಬಾಡಿ, ಸಿ ಎಂದರೆ ಬ್ರೇಕು ಮುಂತಾದ ಚಾಸಿಯ ಕಡೆಯದು. ಯು ಎಂದರೆ ಒಳಗಿನ ಕಂಪ್ಯೂಟರುಗಳ ನಡುವಿನ ಸಂಪರ್ಕದ್ದು. ಮುಂದಿನ ಅಂಕಿ 0 ಆದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ. 1 ಆದರೆ ಆಯಾ ಕಂಪನಿಯದೇ ಅರ್ಥ, ಅಲ್ಲಿ ಊಹೆ ಮಾಡಬಾರದು. ಅದರ ಮುಂದಿನ ಅಂಕಿ 1 ಅಥವಾ 2 ಆದರೆ ಗಾಳಿ ಮತ್ತು ಇಂಧನ, 3 ಆದರೆ ಕಿಡಿ ಮತ್ತು ಮಿಸ್ಸಿಂಗ್, 4 ಆದರೆ ಹೊಗೆ ತಡೆಯುವ ಸಾಧನಗಳು. ಇಷ್ಟು ತಿಳಿದರೆ ವರ್ಕ್‌ಶಾಪಿನಲ್ಲಿ ಎದುರು ನಿಂತು ಮಾತಾಡಬಹುದು.

ಓದಿದ ಕೂಡಲೇ ಅಳಿಸುವ ಗುಂಡಿ ಒತ್ತುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ದೋಷ ಕಂಡ ಕ್ಷಣದಲ್ಲಿ ಗಾಡಿಯ ವೇಗವೆಷ್ಟು, ಇಂಜಿನಿನ ಬಿಸಿಯೆಷ್ಟು, ಹೊರೆಯೆಷ್ಟು ಎಂಬ ಒಂದು ಚಿತ್ರವನ್ನು ಕಂಪ್ಯೂಟರು ಕೋಡಿನ ಜೊತೆ ಹಿಡಿದಿಟ್ಟಿರುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಬೆಳಿಗ್ಗೆ ತಣ್ಣಗಿದ್ದಾಗ ಬಂದ ದೋಷವೋ, ಹೊರೆ ಹೊತ್ತು ಏರಿನಲ್ಲಿ ಬಂದದ್ದೋ ಎಂದು ಅದರಿಂದ ತಿಳಿಯುತ್ತದೆ. ಅಳಿಸಿದರೆ ಅದೂ ಹೋಯಿತು. ಮೊದಲು ಎಲ್ಲವನ್ನೂ ಕಾಗದದಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಒಂದಕ್ಕಿಂತ ಹೆಚ್ಚು ಕೋಡು ಇದ್ದರೆ ಯಾವುದು ಯಾವುದಕ್ಕೆ ಕಾರಣವಾದೀತು ಎಂದು ಯೋಚಿಸಬೇಕು. ಪಿ 0301, ಅಂದರೆ ಒಂದನೆಯ ಸಿಲಿಂಡರಿನ ಮಿಸ್ಸಿಂಗ್, ಮತ್ತು ಪಿ 0420, ಅಂದರೆ ಕನ್ವರ್ಟರಿನ ಕೆಲಸ ಸಾಲದು ಎಂಬುದು, ಎರಡೂ ಒಟ್ಟಿಗೆ ಬಂದರೆ ಮೊದಲು ಮಿಸ್ಸಿಂಗ್ ಸರಿಪಡಿಸಬೇಕು. ಕನ್ವರ್ಟರಿಗೆ ಕೈ ಹಾಕುವುದು ಆಮೇಲೆ. ಹೊಸ ಕನ್ವರ್ಟರ್ ಹಾಕಿ ಮಿಸ್ಸಿಂಗ್ ಬಿಟ್ಟರೆ ಅದೂ ಕೆಡುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಮಿಸ್ಸಿಂಗಿಗೆ ಒಂದು ಸರಳ ಪರೀಕ್ಷೆಯುಂಟು. ಪ್ರತಿ ಪ್ಲಗ್ಗಿಗೂ ಪ್ರತ್ಯೇಕ ಕಾಯಿಲು ಇರುವ ಪೆಟ್ರೋಲ್ ಗಾಡಿಯಾದರೆ, ಇಂಜಿನು ಆರಿಸಿ ತಣಿದ ಮೇಲೆ ಒಂದನೆಯ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಒಂದನೆಯದಕ್ಕೂ ಹಾಕಿ, ಕೋಡು ಅಳಿಸಿ, ಓಡಿಸಿ ನೋಡಬೇಕು. ಈಗ ಪಿ 0302 ಬಂದರೆ ದೋಷ ಕಾಯಿಲಿನ ಜೊತೆ ನಡೆದು ಹೋಗಿದೆ, ಕಾಯಿಲು ಬದಲಿಸಿ. ಪಿ 0301 ಅಲ್ಲೇ ಉಳಿದರೆ ಪ್ಲಗ್ಗು, ಆಮೇಲೆ ಇಂಜೆಕ್ಟರು, ಕೊನೆಗೆ ಕಂಪ್ರೆಷನ್ನು. ದುಡ್ಡು ಖರ್ಚಿಲ್ಲದೆ ಅರ್ಧ ಗಂಟೆಯಲ್ಲಿ ಆಗುವ ಕೆಲಸ.

ಪಿ 0171 ಎಂಬುದು ಇನ್ನೊಂದು ಸಾಮಾನ್ಯ ಅತಿಥಿ. ಗಾಳಿ ಹೆಚ್ಚು, ಇಂಧನ ಕಡಿಮೆ ಎಂದು ಅರ್ಥ. ಆಕ್ಸಿಜನ್ ಸೆನ್ಸರನ್ನೇ ಬದಲಿಸುವ ಅಭ್ಯಾಸ ಕೆಲವು ಕಡೆ ಬೆಳೆದಿದೆ. ನಮ್ಮ ಅಭಿಪ್ರಾಯದಲ್ಲಿ ಇದು ದೂತನನ್ನು ಕೊಲ್ಲುವ ಕೆಲಸ. ಮೊಬೈಲಿನಲ್ಲಿ ಫ್ಯೂಯೆಲ್ ಟ್ರಿಮ್ ಎಂಬ ಶೇಕಡಾ ಲೆಕ್ಕ ಕಾಣುತ್ತದೆ. ಕಂಪ್ಯೂಟರು ಎಷ್ಟು ಇಂಧನವನ್ನು ತಾನಾಗಿ ಕೂಡಿಸುತ್ತಿದೆ ಎಂಬುದು ಅದರಲ್ಲಿದೆ. ಇಂಜಿನು ಐಡ್ಲಿಂಗಿನಲ್ಲಿರುವಾಗ ಈ ಲೆಕ್ಕ ಹೆಚ್ಚಿದ್ದು, ರೇಸು ಮಾಡಿದಾಗ ಇಳಿದರೆ ಎಲ್ಲೋ ಕೊಳವೆ ಸೀಳಿ ಗಾಳಿ ಒಳಬರುತ್ತಿದೆ. ರೇಸು ಮಾಡಿದಷ್ಟೂ ಏರಿದರೆ ಇಂಧನವೇ ಸಾಲುತ್ತಿಲ್ಲ, ಪಂಪು ಮತ್ತು ಫಿಲ್ಟರ್ ನೋಡಬೇಕು. ಗಾಳಿ ಅಳೆಯುವ ಸೆನ್ಸರಿಗೆ ಧೂಳು ಮೆತ್ತಿಕೊಂಡರೂ ಹೀಗಾಗುವುದುಂಟು.

ಪಿ 0118 ಬಂದರೆ ಇಂಜಿನಿನ ನೀರಿನ ಉಷ್ಣತೆ ಎಷ್ಟೆಂದು ತೋರಿಸುತ್ತಿದೆ ನೋಡಿ. ಸಾಮಾನ್ಯವಾಗಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ಕಾಣುತ್ತದೆ. ಆಗುಂಬೆಯಲ್ಲಿ ಮಳೆ ಎಷ್ಟು ಬಿದ್ದರೂ ಅಂಥ ಚಳಿ ಬರಲಾರದು! ಸೆನ್ಸರಿನ ವೈರು ಎಲ್ಲೋ ತುಂಡಾಗಿದೆ ಅಥವಾ ಕನೆಕ್ಟರು ಕಳಚಿದೆ ಎಂಬುದರ ಗುರುತು ಅದು. ಪಿ 0117 ಬಂದು ಅಸಂಭವವಾದಷ್ಟು ಬಿಸಿ ತೋರಿಸಿದರೆ ವೈರಿನ ಹೊದಿಕೆ ಹೋಗಿ ಲೋಹಕ್ಕೆ ತಾಗಿರಬಹುದು. ಸೆನ್ಸರುಗಳಿಗೆ ಕಂಪ್ಯೂಟರಿನಿಂದ ಹೋಗುವುದು ಬಹುತೇಕ 5 ವೋಲ್ಟು. ಮಲ್ಟಿಮೀಟರಿನಲ್ಲಿ ಅಳೆದು ಕನೆಕ್ಟರಿನ ತನಕ ಅದು ಬರುತ್ತಿದೆಯೇ ಎಂದು ನೋಡಿದರೆ ಸೆನ್ಸರು ಕೆಟ್ಟಿದೆಯೋ ದಾರಿ ಕೆಟ್ಟಿದೆಯೋ ಗೊತ್ತಾಗುತ್ತದೆ. ನಮ್ಮ ಕಡೆ ದಾರಿ ಕೆಡುವುದೇ ಹೆಚ್ಚು, ಇಲಿಗಳ ದೆಸೆಯಿಂದ. ಮಳೆಗಾಲದಲ್ಲಿ ಬೆಚ್ಚನೆಯ ಇಂಜಿನು ಅವಕ್ಕೆ ಬಾಣಂತಿ ಕೋಣೆ. ಹೊಗೆಸೊಪ್ಪು ಕಟ್ಟಿದರೆ ಬರುವುದಿಲ್ಲ ಎಂದವರ ಮಾತು ಕೇಳಿ ನಾವೂ ಕಟ್ಟಿದೆವು. ಮೂರನೆಯ ವಾರ ಹೊಗೆಸೊಪ್ಪಿನ ಪಕ್ಕದ ವೈರನ್ನೇ ಕಡಿದಿದ್ದವು. ಅಡಿಕೆ ರಾಶಿ, ಕಾಫಿ ಗೋದಾಮುಗಳಿಂದ ದೂರ ನಿಲ್ಲಿಸುವುದು, ಎರಡು ದಿನಕ್ಕೊಮ್ಮೆ ಬಾನೆಟ್ಟು ತೆರೆದು ನೋಡುವುದು, ವೈರಿನ ಕಟ್ಟಿಗೆ ಉಕ್ಕಿನ ಹೆಣಿಗೆಯ ಹೊದಿಕೆ ಹಾಕಿಸುವುದು ಇವೇ ಇದ್ದುದರಲ್ಲಿ ಉಪಯೋಗಕ್ಕೆ ಬಂದವು. ಕಡಿದ ವೈರನ್ನು ಹೆಣೆದು ಟೇಪು ಸುತ್ತಿದರೆ ಜುಲೈ ತಿಂಗಳ ಥಂಡಿಗೆ ಒಳಗೆ ಹಸಿರು ಕಿಲುಬು ಹಿಡಿದು ಅದೇ ಕೋಡು ಮತ್ತೆ ಬರುತ್ತದೆ. ಬೆಸುಗೆ ಹಾಕಿ, ಕಾಯಿಸಿದರೆ ಬಿಗಿಯುವ ಕೊಳವೆ ತೊಡಿಸಬೇಕು. ಹಳದಿ ಹೊದಿಕೆಯ, ಹಳದಿ ಕನೆಕ್ಟರಿನ ವೈರುಗಳು ಸಾಧಾರಣವಾಗಿ ಏರ್‌ಬ್ಯಾಗಿನವು. ಅವಕ್ಕೆ ಮನೆಯಲ್ಲಿ ಕೈ ಹಚ್ಚಬಾರದು.

ಔಷಧಿ ಹೊಡೆಯುವ ಎಚ್.ಟಿ.ಪಿ. ಪಂಪಿನಿಂದ ಇಂಜಿನು ತೊಳೆಯುವ ಪದ್ಧತಿಯನ್ನೂ ಬಿಡುವುದು ಮೇಲು. ಆ ಒತ್ತಡಕ್ಕೆ ನೀರು ಕನೆಕ್ಟರಿನ ಒಳಗೇ ಹೊಗುತ್ತದೆ. ಪಂಪಿನಲ್ಲಿ ಬೋರ್ಡೋದ ಉಳಿಕೆ ಇದ್ದರಂತೂ ಕೇಳುವುದೇ ಬೇಡ. ಪಿಕಪ್ಪಿನ ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯ ಸಂಪರ್ಕ ತೆಗೆಯಿಸಿರಿ.

ಡೀಸೆಲ್ ಗಾಡಿಗಳ ವಿಷಯ

ನಮ್ಮ ಸದಸ್ಯರಲ್ಲಿ ಹೆಚ್ಚಿನವರದು ಡೀಸೆಲ್ ಗಾಡಿಯೇ ಆದುದರಿಂದ ಇದನ್ನು ತುಸು ವಿವರವಾಗಿ ಬರೆಯುತ್ತೇವೆ.

ಪಿ 0087 ಎಂದರೆ ಇಂಧನದ ರೈಲಿನಲ್ಲಿ ಒತ್ತಡ ಕಡಿಮೆ. ಹೈ ಪ್ರೆಷರ್ ಪಂಪು ಹೋಗಿದೆ ಎಂಬ ಮಾತು ಕೇಳಿದೊಡನೆ ಎದೆ ಒಡೆಯುತ್ತದೆ. ಆದರೆ ಮೊದಲು ಫಿಲ್ಟರನ್ನು ನೋಡಿರಿ. ಪಂಪುಸೆಟ್ಟಿಗೆಂದು ಬ್ಯಾರಲಿನಲ್ಲಿ ತಂದಿಟ್ಟ ಡೀಸೆಲನ್ನು ಅವಸರಕ್ಕೆ ಪಿಕಪ್ಪಿಗೆ ಸುರಿಯುವುದು ನಮ್ಮಲ್ಲಿ ವಾಡಿಕೆ. ಮಲೆನಾಡಿನ ಹವೆಯಲ್ಲಿ ಅರ್ಧ ತುಂಬಿದ ಬ್ಯಾರಲಿನ ಒಳಗೋಡೆಗೆ ಬೆವರು ಕಟ್ಟಿ ನೀರು ತಳಕ್ಕಿಳಿಯುತ್ತದೆ. ಹಳೆಯ ಇಂಜಿನು ಅದನ್ನು ಕೆಮ್ಮಿ ಸಹಿಸಿಕೊಂಡೀತು. ಕಾಮನ್ ರೈಲಿನ ಪಂಪು ಮತ್ತು ಇಂಜೆಕ್ಟರುಗಳು ಡೀಸೆಲಿನ ಜಿಡ್ಡಿನಲ್ಲೇ ನಯವಾಗಿ ಓಡತಕ್ಕವು, ನೀರು ಬಂದರೆ ಸವೆಯುತ್ತವೆ, ತುಕ್ಕು ಹಿಡಿಯುತ್ತವೆ. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ನೀರನ್ನು ಆಗಾಗ ಇಳಿಸಬೇಕು.

ಇನ್ನು ಸೈಲೆನ್ಸರಿನ ದಾರಿಯಲ್ಲಿರುವ ಮಸಿಯ ಜಾಲರಿ, ಡಿ.ಪಿ.ಎಫ್. ಭಾರತ್ ಸ್ಟೇಜ್ ಆರರ ಡೀಸೆಲ್ ಗಾಡಿಗಳ ಮಾಲೀಕರು ಹೆಚ್ಚು ಕಷ್ಟಪಡುವುದು ಇದರಿಂದಲೇ. ಹೊಗೆಯ ಮಸಿಯನ್ನು ಇದು ಹಿಡಿದಿಟ್ಟು, ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆಗಾಗ ಸುಟ್ಟು ಖಾಲಿ ಮಾಡಿಕೊಳ್ಳುತ್ತದೆ. ಅಷ್ಟು ಬಿಸಿಯೇರಲು ಒಂದೇ ಸಮನೆ ಓಡುವ ದಾರಿ ಬೇಕು. ತೋಟದಿಂದ ಡಿಪೋಗೆ, ಡಿಪೋದಿಂದ ಶಾಲೆಗೆ, ಎರಡು ಮೂರು ಕಿಲೋಮೀಟರಿನ ಓಡಾಟ, ಅದೂ ಮೊದಲ ಎರಡು ಗೇರಿನಲ್ಲಿ. ಬಿಸಿಯೇರುವ ಹೊತ್ತಿಗೆ ನಾವು ಕೀಲಿ ತೆಗೆದಿರುತ್ತೇವೆ. ಮಸಿ ಕೂಡಿ ಪಿ 2463 ಬರುತ್ತದೆ, ಗಾಡಿ ಶಕ್ತಿ ಇಳಿಸಿಕೊಳ್ಳುತ್ತದೆ. ಇನ್ನೊಂದು ಅಪಾಯ: ಬಿಸಿಯೇರಿಸಲೆಂದು ಇಂಜಿನು ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ, ಪ್ರತಿ ಸಲವೂ ನಡುವೆ ನಿಲ್ಲಿಸಿದರೆ ಅದರಲ್ಲಿ ಒಂದಿಷ್ಟು ಇಂಜಿನ್ ಆಯಿಲಿಗೆ ಇಳಿಯುತ್ತದೆ. ಆಯಿಲು ಕಡ್ಡಿಯಲ್ಲಿ ಮಟ್ಟ ಏರಿದ್ದು, ಡೀಸೆಲ್ ವಾಸನೆ ಬಂದರೆ ಆಯಿಲು ಬದಲಿಸಲೇಬೇಕು. ಆಯಿಲು ಹೆಚ್ಚಿತೆಂದು ಖುಷಿಪಡುವ ಸಂಗತಿ ಅದಲ್ಲ.

ಡಿ.ಪಿ.ಎಫ್. ದೀಪ ಮೊದಲು ಹೊತ್ತಿದಾಗಲೇ ಗಾಡಿಯ ಕೈಪಿಡಿ ಓದಿ ಅದರಂತೆ ನಡೆದರೆ ಬಹುಪಾಲು ತೀರುತ್ತದೆ. ಸಾಮಾನ್ಯವಾಗಿ ಹೆದ್ದಾರಿಗೆ ಹೋಗಿ, ಇಂಜಿನನ್ನು ನಿಮಿಷಕ್ಕೆ 2,000 ಸುತ್ತಿಗಿಂತ ಮೇಲಿಟ್ಟು, ಇಪ್ಪತ್ತು ನಿಮಿಷದಷ್ಟು ನಿಲ್ಲಿಸದೆ ಓಡಿಸಬೇಕಾಗುತ್ತದೆ. ಸಂತೆಯ ದಿನವೇ ಈ ಕೆಲಸ ಮುಗಿಸಿಕೊಳ್ಳಬಹುದು. ಆದರೆ ಆ ಹೊತ್ತಿನಲ್ಲಿ ಸೈಲೆನ್ಸರು ವಿಪರೀತ ಕಾದಿರುತ್ತದೆ. ಮನೆಗೆ ಬಂದು ಒಣ ದರಗಿನ ಮೇಲೋ, ಅಡಿಕೆ ಸಿಪ್ಪೆಯ ರಾಶಿಯ ಪಕ್ಕದಲ್ಲೋ ನಿಲ್ಲಿಸಬೇಡಿ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಕಿಡಿ ತೋಟಕ್ಕೆ ಏನು ಮಾಡೀತು ಎಂದು ನಾವು ಹೇಳಬೇಕಾಗಿಲ್ಲ. ಪಿ 242ಎಫ್ ಬಂದರೆ ಅದು ಮಸಿಯಲ್ಲ, ಬೂದಿ. ಬೂದಿ ಓಡಿಸಿದರೆ ಸುಡದು. ಜಾಲರಿಯನ್ನು ಬಿಚ್ಚಿ ಶುದ್ಧ ಮಾಡಿಸಬೇಕು ಅಥವಾ ಬದಲಿಸಬೇಕು.

ಯೂರಿಯಾ ದ್ರವ ಹಾಕುವ ಗಾಡಿಗಳೂ ನಮ್ಮ ಕಡೆ ಬಂದಿವೆ. ಇದಕ್ಕೆ ಡಿ.ಇ.ಎಫ್. ಎನ್ನುತ್ತಾರೆ, ನೀರಿನಲ್ಲಿ ಶೇಕಡಾ 32.5 ಯೂರಿಯಾ, ಅಷ್ಟೇ. ಹಾಗಾದರೆ ಗೊಬ್ಬರದ ಯೂರಿಯಾ ಕಲಸಿ ಹಾಕಿದರೇನು ಎಂದು ಕೇಳುವವರುಂಟು, ಕೇಳದೆ ಹಾಕಿದವರೂ ಉಂಟು. ಗೊಬ್ಬರದ ಯೂರಿಯಾದಲ್ಲಿ ಬೈಯುರೆಟ್ ಮುಂತಾದ ಕಲ್ಮಶಗಳಿರುತ್ತವೆ; ಮೇಲಾಗಿ ನಮ್ಮ ದೇಶದಲ್ಲಿ 2015ರಿಂದ ಎಲ್ಲ ಗೊಬ್ಬರದ ಯೂರಿಯಾಕ್ಕೂ ಬೇವಿನೆಣ್ಣೆಯ ಲೇಪವಿದೆ. ಅದು ಸಿಂಪಡಿಸುವ ಮೂತಿಯನ್ನು ಕಟ್ಟಿ, ವೇಗವರ್ಧಕವನ್ನು ಹಾಳುಮಾಡಿ ಪಿ 20ಇಇ ಎಂಬ ಕೋಡನ್ನು ತರುತ್ತದೆ. ಒಂದು ಬಕೆಟ್ಟು ದ್ರವದಲ್ಲಿ ಉಳಿಸಿದ್ದರ ನೂರಾರು ಪಟ್ಟು ಆಗ ತೆರಬೇಕಾಗುತ್ತದೆ.

ದುರಸ್ತಿಯಾದ ಮೇಲೆ

ದೋಷ ನಿಜಕ್ಕೂ ಸರಿಹೋಗಿದ್ದರೆ ಸತತ ಮೂರು ಓಟಗಳಲ್ಲಿ ಅದು ಮತ್ತೆ ಕಾಣದಿದ್ದಾಗ ದೀಪ ತಾನಾಗಿ ಆರುತ್ತದೆ. ಕೋಡು ಸುಮಾರು 40 ಸಲ ಇಂಜಿನು ಕಾದು ತಣಿದ ಮೇಲೆ ತಾನೇ ಅಳಿಯುತ್ತದೆ. ಸಾಧನದಿಂದ ಅಳಿಸಿದರೂ ತಪ್ಪೇನಿಲ್ಲ, ಬರೆದಿಟ್ಟುಕೊಂಡಿದ್ದರೆ. ಅಳಿಸಿದ ಕೂಡಲೇ ಕಂಪ್ಯೂಟರಿನ ಆತ್ಮಪರೀಕ್ಷೆಗಳೂ ಮೊದಲಿನಿಂದ ಆರಂಭವಾಗುತ್ತವೆ. ಅವು ಮುಗಿಯುವ ತನಕ ರೆಡಿನೆಸ್ ಎಂಬಲ್ಲಿ 'ಸಿದ್ಧವಿಲ್ಲ' ಎಂದು ತೋರಿಸುತ್ತದೆ.

ಹಳೆಯ ಗಾಡಿ ಕೊಳ್ಳುವವರಿಗೆ ಇದೊಂದು ಒಳ್ಳೆಯ ಗುರುತು. ಹೋದ ವರ್ಷ ನಾವು ಸಂಬಂಧಿಕರೊಬ್ಬರಿಗಾಗಿ ಒಂದು ಕಾರು ನೋಡಲು ಹೋಗಿದ್ದೆವು. ಮಾರುವವರು ದೀಪವಿಲ್ಲದ್ದನ್ನು ತೋರಿಸಿ, ಇಂಜಿನಿಗೆ ಸೊಗಸಾದ ಸರ್ಟಿಫಿಕೇಟು ಕೊಟ್ಟರು. ಕೀಲಿ ಆನ್ ಮಾಡಿ, ಇಂಜಿನು ಚಾಲೂ ಮಾಡುವ ಮುನ್ನ ಆ ದೀಪ ಒಮ್ಮೆ ಹೊತ್ತಲೇಬೇಕು. ಅದು ಹೊತ್ತಿತು, ಅಂದರೆ ಬಲ್ಬು ತೆಗೆದಿರಲಿಲ್ಲ. ಆಮೇಲೆ ಸಾಧನ ಸಿಕ್ಕಿಸಿ ನೋಡಿದೆವು. ಕೋಡು ಒಂದೂ ಇಲ್ಲ, ಆದರೆ ಪರೀಕ್ಷೆಗಳೆಲ್ಲ 'ಸಿದ್ಧವಿಲ್ಲ'. "ಬ್ಯಾಟರಿ ಬದಲಿಸಿದ್ದೀರೋ?" ಎಂದು ಕೇಳಿದೆವು. ಇಲ್ಲವೆಂದರು. ಹಾಗಾದರೆ ನಾಲ್ಕು ದಿನ ಓಡಿಸಿ, ಮುಂದಿನ ಭಾನುವಾರ ಬರುತ್ತೇವೆ ಎಂದು ಹೇಳಿ ಕಾಫಿ ಕುಡಿದು ಎದ್ದೆವು. ಶನಿವಾರ ಅವರೇ ಫೋನು ಮಾಡಿ, ಗಾಡಿ ಬೇರೆಯವರಿಗೆ ಹೋಯಿತು, ಬರುವುದು ಬೇಡ ಎಂದರು.